ಉಕ್ರೇನಿನ ಪೋಲ್ತಾವಾದ ಅಡುಗೆಮನೆಯಿಂದ: ದಿನಚರಿಯ ಕೆಲವು ಪುಟಗಳು

ನವೆಂಬರ್ 3, 2024. ಭಾನುವಾರ

ಬೀಟ್‌ರೂಟ್ ಎಲ್ಲಾ ನೆಲಮಾಳಿಗೆಗೆ ಇಳಿಸಿ ಆಯಿತು. ಮರದ ಪೆಟ್ಟಿಗೆಯಲ್ಲಿ ಒಂದು ಪದರ ಮರಳು, ಒಂದು ಪದರ ಗಡ್ಡೆ, ಮತ್ತೆ ಮರಳು. ದಂಟನ್ನು ಎರಡು ಬೆರಳಿನಷ್ಟು ಬಿಟ್ಟು ಕೊಯ್ಯಬೇಕು. ಬಾಲದಂಥ ಬೇರನ್ನು ಮುಟ್ಟಬಾರದು, ಮುಟ್ಟಿದರೆ ಅಲ್ಲಿಂದಲೇ ಕೊಳೆಯುತ್ತದೆ. ತೊಳೆಯುವುದೂ ಇಲ್ಲ. ಮಣ್ಣು ಹಾಗೇ ಅಂಟಿಕೊಂಡಿರಬೇಕು.

ಈ ಸಲ ಎರಡು ಜಾತಿ. ಒಂದು ಬೋರ್ದೋ ಖಾರ್ಕಿವ್‌ಸ್ಕಿ, ಹೆಚ್ಚಿದರೆ ಅಂಗೈಯೆಲ್ಲ ಕಡುಗೆಂಪು. ಇನ್ನೊಂದನ್ನು ಇಲ್ಲಿನವರು, ತಮ್ಮ ಬೀಟ್‌ರೂಟ್ ಸಾರು ಬೋರ್ಷ್‌ನ ಹೆಸರಿನಲ್ಲೇ, ಬೋರ್ಷ್ ಬೀಟ್‌ರೂಟ್ ಅಂತಲೇ ಕರೆಯುತ್ತಾರೆ. ಅಡ್ಡ ಕೊಯ್ದರೆ ಒಳಗೆ ತೆಳು ಗುಲಾಬಿ, ನಡುನಡುವೆ ಬಿಳಿ ಉಂಗುರ. ಅತ್ತೆಗೆ ಅದೇ ಬೇಕು. ಅಂಗಡಿಯಲ್ಲಿ ಸಿಗುವುದು ಅಪರೂಪ, ಅದಕ್ಕೆ ಬೀಜ ತಾವೇ ಮಾಡಿಕೊಳ್ಳುತ್ತಾರೆ. ಬೀಜವಾಗುವುದು ಎರಡನೇ ವರ್ಷಕ್ಕೆ. ಚಳಿಗಾಲ ದಾಟಿದ ಗಡ್ಡೆಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ ವಸಂತದಲ್ಲಿ ಮತ್ತೆ ನೆಡಬೇಕು. ಯಾವುದನ್ನು ನೆಡಬೇಕು ಅಂತ ಈಗಲೇ ಗುರುತು ಮಾಡಿ ಬೇರೆ ಇಟ್ಟರು. ಬರುವ ವಸಂತ, ಅದರಾಚೆಗಿನ ಬೇಸಿಗೆ. ಅಷ್ಟು ದೂರ ಲೆಕ್ಕ ಹಾಕುವ ಧೈರ್ಯ ನನಗೆ ಬರುವುದಿಲ್ಲ.

ಮಧ್ಯಾಹ್ನ ಒಲೆ ಮೇಲೆ ಎರಡು ಪಾತ್ರೆ ಬೋರ್ಷ್. ದೊಡ್ಡದು ಬಾತುಕೋಳಿಯದು, ಅತ್ತೆಗೆ. ಸಣ್ಣದು ನನಗೆ, ಮಾಂಸವಿಲ್ಲದ್ದು. ಮದುವೆಯಾದಾಗಿನಿಂದ ಹೀಗೇ. ಅವರು ಒಂದು ದಿನವೂ ಏನೂ ಅಂದಿಲ್ಲ. ಆದರೆ ಸಣ್ಣ ಪಾತ್ರೆ ಕಡೆ ನೋಡುವಾಗ ಅವರ ಮುಖದಲ್ಲಿ ಒಂಥರಾ ಮರುಕ ಇರುತ್ತದೆ.

ಇಬ್ಬರೇ ಇದ್ದೇವೆ. ದೊಡ್ಡ ಪಾತ್ರೆ ಯಾಕೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ನವೆಂಬರ್ 5

ಹುಳಿನೀರಿಗೆ ಇಟ್ಟರು. ಕ್ವಾಸ್ ಅನ್ನುತ್ತಾರೆ. ಮೂರು ಲೀಟರಿನ ಗಾಜಿನ ಜಾಡಿ. ಸಿಪ್ಪೆ ತೆಗೆದ ಬೀಟ್‌ರೂಟ್‌ನ ದಪ್ಪ ಹೋಳು ಅರ್ಧ ಜಾಡಿಯವರೆಗೆ. ಕುದಿಸಿ ಆರಿಸಿದ ನೀರು, ಉಪ್ಪು, ರೈ ಬ್ರೆಡ್ಡಿನ ಒಣಗಿದ ಅಂಚು. ಬಾಯಿಗೆ ಬಟ್ಟೆ ಕಟ್ಟಿ ಒಲೆ ಪಕ್ಕ.

ಉಪ್ಪು ಎಷ್ಟು ಅಂತ ಕೇಳಿದೆ. ಕೈ ತೋರಿಸಿದರು. ಅವರ ಕೈ ನನ್ನದಕ್ಕಿಂತ ದೊಡ್ಡದು.

ಟೊಮ್ಯಾಟೊ ಬೋರ್ಷ್‌ಗೆ ಬಂದದ್ದು ತೀರಾ ಈಚೆಗೆ, ಹತ್ತೊಂಬತ್ತನೇ ಶತಮಾನದಲ್ಲಿ. ಆಲೂಗಡ್ಡೆಯೂ ಹೊರಗಿನಿಂದ ಬಂದದ್ದೇ. ಅದಕ್ಕೂ ಮುಂಚೆ ಹುಳಿ ಅಂದರೆ ಈ ಜಾಡಿಯೇ. ಅತ್ತೆ ಟೊಮ್ಯಾಟೊ ಹಾಕುವುದಿಲ್ಲ ಅಂತಲ್ಲ, ಬೇಸಿಗೆಯಲ್ಲಿ ಹಾಕುತ್ತಾರೆ. ಹಿಮ ಬೀಳುವ ಹೊತ್ತಿಗೆ ಜಾಡಿಗೆ ಬರುತ್ತಾರೆ.

ನವೆಂಬರ್ 9, ಶನಿವಾರ

ಜಾಡಿಯ ಮೇಲೆ ನೊರೆ. ಬಿಳಿ ನೊರೆಯಾದರೆ ಚಮಚದಲ್ಲಿ ತೆಗೆದು ಬಿಸಾಡಬೇಕು. ಕಪ್ಪೋ ಹಸಿರೋ ಬೂಸ್ಟು ಕಂಡರೆ ಇಡೀ ಜಾಡಿಯನ್ನೇ ಚೆಲ್ಲಬೇಕು. ಮೂಗು ಹಚ್ಚಿದೆ. ಮಣ್ಣಿನ ವಾಸನೆ ಇನ್ನೂ ಇದೆ, ಅದರ ಹಿಂದಿನಿಂದ ಚುರುಕಾದ ಹುಳಿ ಬರುತ್ತಿದೆ. ನೆಲದ ವಾಸನೆ ಹೋಗಿ ಹುಳಿಯೇ ಮುಂದೆ ಬಂದಾಗ ಸೋಸುವುದು.

ಸಂಜೆ ಧಾರವಾಡದಿಂದ ಅವ್ವನ ವಿಡಿಯೋ ಕಾಲ್. ತಟ್ಟೆ ತೋರಿಸಿದೆ.

"ಇದೇನವ್ವಾ, ಬೀಟ್‌ರೂಟ್ ಹಾಕೀನಂತಿ, ಕೆಂಪನ ಇಲ್ಲಲ್ಲ?"

ಹೌದು, ಈ ಗಡ್ಡೆಯದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಫೋಟೋಗಳಲ್ಲಿ ಕಾಣುವ ಆ ಮಾಣಿಕ್ಯದಂಥ ಕೆಂಪು ಈ ಮನೆಯದಲ್ಲ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಏನಂದರು ಅಂತ ಕೇಳಿದರು, ಹೇಳಿದೆ. "ಬಣ್ಣ ಕಣ್ಣಿಗೆ. ಹುಳಿ ಹೇಗಿದೆ ಅಂತ ಕೇಳಲಿಲ್ಲವಾ ನಿಮ್ಮಮ್ಮ?"

ಅವ್ವ ಕೇಳಲಿಲ್ಲ. ಕೇಳಿದ್ದು ಬೇರೆ: "ಯಾವಾಗ ಬರ್ತೀ?"

ನವೆಂಬರ್ 12, ಮಂಗಳವಾರ

ಇವತ್ತು ಅವರು ಪಕ್ಕಕ್ಕೆ ನಿಂತರು, ನಾನು ಮಾಡಿದೆ. ಕ್ರಮವನ್ನು ಬರೆದಿಡುತ್ತೇನೆ.

ರಾತ್ರಿ ನೆನೆದ ಬಿಳಿ ಬೀನ್ಸ್ ಕಾಳು ಮೊದಲು, ಪೂರ್ತಿ ಮೆತ್ತಗಾಗುವವರೆಗೆ. ಆಮೇಲೆ ಆಲೂಗಡ್ಡೆ. ಆಲೂಗಡ್ಡೆ ಬೇಯುವ ಮೊದಲು ಹುಳಿ ಬೀಳಲೇಬಾರದು. ಬಿದ್ದರೆ ಎಷ್ಟು ಹೊತ್ತು ಕುದಿಸಿದರೂ ಹೋಳು ಗಟ್ಟಿಯಾಗೇ ಉಳಿಯುತ್ತದೆ. ಹುಳಿಗೆ ತರಕಾರಿಯ ಪೆಕ್ಟಿನ್ ಕರಗುವುದಿಲ್ಲ, ಓದಿದ್ದು ನೆನಪಿದೆ. ಅತ್ತೆಗೆ ಪೆಕ್ಟಿನ್ ಗೊತ್ತಿಲ್ಲ, ಹೋಳನ್ನು ಚಾಕುವಿನ ತುದಿಯಲ್ಲಿ ಚುಚ್ಚಿ ನೋಡುವುದು ಗೊತ್ತು.

ಅಷ್ಟರಲ್ಲಿ ಬಾಣಲೆಯಲ್ಲಿ ಸೂರ್ಯಕಾಂತಿ ಎಣ್ಣೆ. ಉಳ್ಳಾಗಡ್ಡಿ, ಅದು ಬಾಡಿದ ಮೇಲೆ ಗಜ್ಜರಿ. ಬೇರೆ ಬಾಣಲೆಯಲ್ಲಿ ಬೀಟ್‌ರೂಟ್, ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿದ್ದು. ತುರಿಯಬಾರದು. ಅದರ ಮೇಲೆ ಒಂದು ಸೌಟು ಹುಳಿನೀರು ಬಿಟ್ಟು ಮುಚ್ಚಿಡುವುದು. ಬೀಟ್‌ರೂಟ್‌ನ ಬಣ್ಣಕ್ಕೆ ಹುಳಿ ಆಸರೆ, ದೀರ್ಘ ಕುದಿ ಶತ್ರು. ಹಾಗಾಗಿ ಅದು ಪಾತ್ರೆಗೆ ಬೀಳುವುದು ತಡವಾಗಿ. ಎಲೆಕೋಸು ಅದಕ್ಕೂ ಆಮೇಲೆ. ಕೊನೆಗೆ ಉಳಿದ ಹುಳಿನೀರನ್ನು ಬೇರೆ ಪಾತ್ರೆಯಲ್ಲಿ ಒಂದು ಕುದಿ ತಂದು ಸುರಿಯುವುದು. ಒಲೆ ಆರಿಸಿದ ಮೇಲೆ, ಉಪ್ಪು ಹಾಕಿ ಜಜ್ಜಿದ ಬೆಳ್ಳುಳ್ಳಿ ಮತ್ತು ಸಬ್ಬಸಿಗೆ. ಮುಚ್ಚಳ.

ಬೆಳ್ಳುಳ್ಳಿ ಜಜ್ಜಲು ಮಕೀತ್ರಾ. ಒಳಗೆಲ್ಲ ಗೀರುಗೀರಾದ ಮಣ್ಣಿನ ಬೋಗುಣಿ, ಒಪಿಷ್ನಿಯಾದ ಕುಂಬಾರರು ಮಾಡಿದ್ದು. ಇಲ್ಲಿಂದ ಹತ್ತಿರದ ಊರು, ಕುಂಬಾರಿಕೆಗೆ ಹೆಸರಾದದ್ದು, ಉಕ್ರೇನಿನ ಕುಂಬಾರಿಕೆ ಮ್ಯೂಸಿಯಂ ಇರುವುದೂ ಅಲ್ಲೇ. ತಮ್ಮ ಬಾತುಕೋಳಿ ಪಾತ್ರೆಗಾದರೆ ಅತ್ತೆ ಇದರಲ್ಲೇ ಹಳೆಯ ಹಂದಿಕೊಬ್ಬನ್ನು ಬೆಳ್ಳುಳ್ಳಿ ಜೊತೆ ಅರೆಯುತ್ತಾರೆ. ನನ್ನದಕ್ಕೆ ಬರೀ ಎಣ್ಣೆ. ಬೋಗುಣಿಯನ್ನು ಬಿಸಿನೀರಲ್ಲಿ ಎರಡೆರಡು ಸಲ ತಿಕ್ಕಿ ತೊಳೆದು ಕೊಟ್ಟರು. ನಾನು ಹೇಳಿರಲಿಲ್ಲ.

ರಾತ್ರಿ 10: ಯುದ್ಧದಲ್ಲಿರುವ ನನ್ನ ಗಂಡನಿಂದ ಮೆಸೇಜ್. ಬರೀ ಒಂದು ಪ್ಲಸ್ ಗುರುತು. ಬದುಕಿದ್ದೇನೆ, ಕ್ಷೇಮ ಅಂತ. ಇಲ್ಲಿ ಎಲ್ಲ ಸೈನಿಕರ ಮನೆಗೂ ಬರುವುದು ಇದೇ ಪ್ಲಸ್. ಅತ್ತೆಗೆ ತೋರಿಸಿದೆ. ತಲೆಯಾಡಿಸಿ ಪಾತ್ರೆಯ ಮುಚ್ಚಳ ಸರಿಮಾಡಿದರು.

ನವೆಂಬರ್ 15, ಶುಕ್ರವಾರ

ಇವತ್ತಿನಿಂದ ಕ್ರಿಸ್‌ಮಸ್ ಉಪವಾಸ. ಮಾಂಸ ಇಲ್ಲ, ಹಾಲು ಮೊಸರು ಇಲ್ಲ, ಮೊಟ್ಟೆ ಇಲ್ಲ. ಮೊದಲೆಲ್ಲ ನವೆಂಬರ್ 28ಕ್ಕೆ ಶುರುವಾಗಿ ಜನವರಿ 6ರವರೆಗೆ ನಡೆಯುತ್ತಿತ್ತು. ಕಳೆದ ವರ್ಷ ಇಲ್ಲಿನ ಚರ್ಚು ಪಂಚಾಂಗ ಬದಲಿಸಿತು, ಹಬ್ಬ ಡಿಸೆಂಬರ್ 25ಕ್ಕೆ ಬಂತು. ಅತ್ತೆ ಹೊಸ ಲೆಕ್ಕಕ್ಕೆ ಹೊಂದಿಕೊಂಡಿದ್ದಾರೆ. ಪಕ್ಕದ ಮನೆಯ ಅಜ್ಜಿ ಹಳೆಯದನ್ನೇ ಹಿಡಿದಿದ್ದಾರೆ. ಅದರ ಬಗ್ಗೆ ಇಬ್ಬರ ನಡುವೆ ಬೇಲಿಯ ಮೇಲೆ ಮಾತಿಲ್ಲ.

ಒಲೆ ಮೇಲೆ ಒಂದೇ ಪಾತ್ರೆ. ದೊಡ್ಡದು. ಒಣ ಅಣಬೆ ರಾತ್ರಿಯೆಲ್ಲ ನೆನೆದು ನೀರು ಕಂದುಬಣ್ಣಕ್ಕೆ ತಿರುಗಿತ್ತು. ಅದನ್ನು ಬಟ್ಟೆಯಲ್ಲಿ ಸೋಸಿ ಪಾತ್ರೆಗೆ. ಹೊಗೆಯಲ್ಲಿ ಒಣಗಿಸಿದ ಪೇರ್ ಹಣ್ಣು, ಬೀಜ ತೆಗೆದದ್ದು, ಒಂದು ಹಿಡಿ. ಪೋಲ್ತಾವಾದ ಕಡೆಯ ಪದ್ಧತಿ. ಬೀನ್ಸ್ ಕಾಳು, ಹುಳಿನೀರು. ಹೊಗೆ, ಸಿಹಿ, ಹುಳಿ, ಕಾಡಿನ ವಾಸನೆ. ಮಾಂಸ ಇಲ್ಲದ್ದಕ್ಕೆ ಏನೋ ಕಡಿಮೆಯಾಗಿದೆ ಅಂತ ಈ ತಟ್ಟೆಯ ಮುಂದೆ ಯಾರೂ ಹೇಳಲಾರರು.

ಇಬ್ಬರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡೆವು. ಈ ನಲವತ್ತು ದಿನ ಹೀಗೇ. ವರ್ಷದಲ್ಲಿ ನನಗೆ ಇಷ್ಟವಾದ ಕಾಲ ಇದು, ಹೊರಗೆ ಎಷ್ಟೇ ಕತ್ತಲಿರಲಿ.

ನವೆಂಬರ್ 17, ಭಾನುವಾರ

ನಸುಕಿನಿಂದ ಸೈರನ್. ದೇಶದ ಉದ್ದಕ್ಕೂ ವಿದ್ಯುತ್ ಸ್ಥಾವರಗಳ ಮೇಲೆ ಕ್ಷಿಪಣಿ. ನೆಲಮಾಳಿಗೆಯಲ್ಲಿ ಬೀಟ್‌ರೂಟ್ ಪೆಟ್ಟಿಗೆಯ ಮೇಲೆ ಕೂತಿದ್ದೆವು. ಮರಳು ತಣ್ಣಗಿತ್ತು. ಅತ್ತೆ ಆ ಹೊತ್ತಿನಲ್ಲೂ ಕೈಹಾಕಿ ಒಂದೊಂದೇ ಗಡ್ಡೆ ಒತ್ತಿ ನೋಡುತ್ತಿದ್ದರು, ಯಾವುದಾದರೂ ಮೆತ್ತಗಾಗಿದೆಯಾ ಅಂತ.

ಸಂಜೆ ಕರೆಂಟ್ ಇಲ್ಲ. ಗ್ಯಾಸ್ ಇದೆ. ತಲೆಗೆ ಬ್ಯಾಟರಿ ಕಟ್ಟಿಕೊಂಡು ನಿನ್ನೆಯದನ್ನು ಬಿಸಿಮಾಡಿದೆ. ಕುದಿಯಲು ಬಿಡಬಾರದು, ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದಂತೆ ಇಳಿಸಬೇಕು. ಎರಡನೇ ದಿನದ ರುಚಿಯೇ ಬೇರೆ. ಹುಳಿ ಆಲೂಗಡ್ಡೆಯ ಒಳಗೂ ಇಳಿದಿತ್ತು.

ನವೆಂಬರ್ 19

ರಷ್ಯಾದ ಪೂರ್ಣ ಪ್ರಮಾಣದ ಯುದ್ಧ ಶುರುವಾಗಿ ಇವತ್ತಿಗೆ 1000 ದಿನ ಅಂತ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಮಾತು. ನಿದ್ದೆ ಬರುತ್ತಿಲ್ಲ.

2022ರ ಮಾರ್ಚ್ 8 ನೆನಪಾಯಿತು. ಸುಮಿಯಲ್ಲಿ ಸಿಕ್ಕಿಬಿದ್ದಿದ್ದ ನಮ್ಮ ಭಾರತದ ವಿದ್ಯಾರ್ಥಿಗಳು, ಸುಮಾರು 700 ಜನ, ಬಸ್ಸುಗಳಲ್ಲಿ ಇಲ್ಲಿ ಪೋಲ್ತಾವಾಕ್ಕೆ ಬಂದಿದ್ದರು. ಇಲ್ಲಿಂದ ರೈಲಿನಲ್ಲಿ ಲ್ವಿವ್ ಕಡೆಗೆ. ಅದರ ಹಿಂದಿನ ವಾರವಷ್ಟೇ, ಮಾರ್ಚ್ 1ರಂದು, ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ ದಿನಸಿ ತರಲು ಹೋದವನು ಶೆಲ್ ದಾಳಿಗೆ ತೀರಿಕೊಂಡಿದ್ದ. ಸುದ್ದಿ ಕೇಳಿ ಅವ್ವ ಫೋನಿನಲ್ಲಿ ಮಾತಾಡಲಾಗದೆ ಅತ್ತಿದ್ದಳು.

ಅತ್ತೆ ಹಾಲಿನ ಕ್ಯಾನಿನಲ್ಲಿ ಬೋರ್ಷ್ ತುಂಬಿಕೊಂಡು ಹೊರಟರು, ನಾನು ಜೊತೆಗೆ. ಅವತ್ತು ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ಎರಡನೇ ದಿನ, ಹಾಗಾಗಿ ಪಾತ್ರೆಯಲ್ಲಿ ಮಾಂಸವೇ ಇರಲಿಲ್ಲ. ಒಬ್ಬಳು ಹುಡುಗಿ, ಬೆರಳುಗಳು ಚಳಿಗೆ ಒಡೆದು ಹೋಗಿದ್ದವು, ಲೋಟ ಹಿಡಿದುಕೊಂಡು ಹಿಂದಿಯಲ್ಲಿ ಕೇಳಿದಳು, ಇದರಲ್ಲಿ ನಾನ್‌ವೆಜ್ ಇದೆಯಾ ಅಂತ. ಇಲ್ಲ ಅಂದೆ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಕುಡಿದಳು. ಆಮೇಲೆ ಇನ್ನೊಂದು ಲೋಟ.

ಆ ರೈಲಿಗೆ ನಾನೂ ಹತ್ತಬಹುದಿತ್ತು. ಅವನು ಆಗಲೇ ಸೈನ್ಯಕ್ಕೆ ಹೆಸರು ಕೊಟ್ಟಿದ್ದ. ಹತ್ತಲಿಲ್ಲ. ಸರಿಯಾ ತಪ್ಪಾ, ಇವತ್ತಿಗೂ ಹೇಳಲಾರೆ.

ನವೆಂಬರ್ 23, ಶನಿವಾರ

ಹೊಲೊದೊಮೋರ್ ಸ್ಮರಣೆಯ ದಿನ. ನವೆಂಬರಿನ ನಾಲ್ಕನೇ ಶನಿವಾರ, ಸಂಜೆ 4ಕ್ಕೆ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿಡುತ್ತಾರೆ. 1932-33ರಲ್ಲಿ ಸೋವಿಯತ್ ಅಧಿಕಾರಿಗಳು ಧಾನ್ಯವಷ್ಟೇ ಅಲ್ಲ, ಮನೆಯಲ್ಲಿದ್ದ ಕಾಳು, ಬೀಟ್‌ರೂಟ್ ಎಲ್ಲ ಹೊತ್ತೊಯ್ದರು. ಬಚ್ಚಿಟ್ಟದ್ದನ್ನು ಹುಡುಕಲು ಕಬ್ಬಿಣದ ಸಲಾಕೆಯಿಂದ ನೆಲ ಚುಚ್ಚುತ್ತಿದ್ದರಂತೆ. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಪೋಲ್ತಾವಾದ ಹಳ್ಳಿಗಳಿಗೆ ಬಿದ್ದ ಪೆಟ್ಟು ಬಲು ದೊಡ್ಡದು.

ಅತ್ತೆಯ ಅಮ್ಮ ಆಗ ಸಣ್ಣ ಹುಡುಗಿ. ಕಾಡುಸೊಪ್ಪು, ಚುರುಚುರು ಗಿಡದ ಎಲೆ ಬೇಯಿಸಿದ ನೀರು. ಅದಕ್ಕೂ ಮನೆಯಲ್ಲಿ ಬೋರ್ಷ್ ಅಂತಲೇ ಅನ್ನುತ್ತಿದ್ದರಂತೆ. ಅತ್ತೆ ಇಷ್ಟು ಹೇಳಿದ್ದೇ ಹೆಚ್ಚು. ಮುಂದೆ ಕೇಳಬೇಡ ಅನ್ನುವ ಹಾಗೆ ಎದ್ದು ಬ್ರೆಡ್ ಕೊಯ್ದರು. ಹಲಗೆಯ ಮೇಲೆ ಉದುರಿದ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ಬಾಯಿಗೆ ಹಾಕಿಕೊಂಡರು. ಪ್ರತಿ ದಿನ ಹೀಗೇ ಮಾಡುತ್ತಾರೆ.

ಇವತ್ತಿನ ಬೋರ್ಷ್ ಪಾತ್ರೆಯ ಅಂಚಿನವರೆಗೆ ಇತ್ತು. ಬಡಿಸಿ ಉಳಿದದ್ದು ಮೂರು ಮನೆಗೆ ಹೋಯಿತು. ಎದುರುಮನೆಗೆ ಲಿಸಿಚಾನ್ಸ್ಕ್‌ನಿಂದ ಮನೆಮಠ ಬಿಟ್ಟು ಬಂದಿರುವ ಕುಟುಂಬಕ್ಕೆ ಮೊದಲು.

ನವೆಂಬರ್ 28, ಗುರುವಾರ

ಮತ್ತೆ ವಿದ್ಯುತ್ ಜಾಲದ ಮೇಲೆ ದಾಳಿ. ಲ್ಯಾಬಿನಲ್ಲಿ ಜನರೇಟರ್. ಕೈಗೆ ಡೀಸೆಲ್ ವಾಸನೆ.

ರಾತ್ರಿ ಅತ್ತೆಯ ತಂಗಿ ಪೋಲೆಂಡಿನಿಂದ ಮಾತಾಡಿದರು. ಮರಿಯುಪೋಲಿನವರು. ಅವರ ಕಡೆ ಬೋರ್ಷ್‌ಗೆ ಅಜೋವ್ ಸಮುದ್ರದ ಬಿಚ್ಕಿ ಮೀನು ಬೀಳುತ್ತದೆ. ಹುಳಿಗೆ ಟೊಮ್ಯಾಟೊ, ಧಾರಾಳವಾಗಿ. ಅಕ್ಕತಂಗಿಯರಿಗೆ ಇದರ ಮೇಲೆ ಹಳೆಯ ವಾದ. "ಹುಳಿನೀರು ಇಲ್ಲದೆ ಅದೇನು ಬೋರ್ಷ್" ಅಂತ ಇವರು, "ಮೀನು ಹಾಕದೆ ಅದೇನು ಬೋರ್ಷ್" ಅಂತ ಅವರು. ಇವತ್ತು ತಂಗಿ ವಾದಕ್ಕೆ ಇಳಿಯಲಿಲ್ಲ. ಅಲ್ಲಿ ಎಲ್ಲ ಸಿಗುತ್ತೆ, ಮಾಡುತ್ತಿಲ್ಲ ಅಂದರು. ಅತ್ತೆ ಜೋರುಮಾಡಿದರು, ರೇಗಿದರು, ಟೊಮ್ಯಾಟೊನೇ ಹಾಕು, ಮೀನೇ ಹಾಕು, ಮಾಡು ಮಾತ್ರ ಅಂದರು. ಅಷ್ಟು ಜಗಳದ ಬೋರ್ಷ್‌ಗೆ ಒಪ್ಪಿಬಿಟ್ಟರು.

2022ರ ಜುಲೈ 1ರಂದು ಯುನೆಸ್ಕೋ ಉಕ್ರೇನಿನ ಬೋರ್ಷ್ ಮಾಡುವ ಸಂಸ್ಕೃತಿಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತ್ತು. ಯೆವ್ಹೆನ್ ಕ್ಲೊಪೊತೆಂಕೊ ಎಂಬ ಬಾಣಸಿಗ ಅದಕ್ಕಾಗಿ ಯುದ್ಧಕ್ಕೂ ಮುಂಚಿನಿಂದ ಓಡಾಡಿದ್ದರು. ಅವತ್ತು ನನಗೆ ಅದು ಪತ್ರಿಕೆಯ ಸುದ್ದಿ. ಜನ ತಮ್ಮ ತೋಟ, ಒಲೆ, ಅಕ್ಕಪಕ್ಕದವರನ್ನು ಬಿಟ್ಟು ಚೆದುರಿಹೋದರೆ ಅಡುಗೆಯೂ ನಿಲ್ಲುತ್ತದೆ ಅಂತ ಆ ನಿರ್ಧಾರಕ್ಕೆ ಕಾರಣ ಕೊಟ್ಟಿದ್ದರು. ಇವತ್ತು ಫೋನಿನಲ್ಲಿ ಕೇಳಿಸಿಕೊಂಡದ್ದು ಅದೇ.

ಡಿಸೆಂಬರ್ 1, ಭಾನುವಾರ

ಶಾಲೆಯ ನೆಲಮಹಡಿಯಲ್ಲಿ ಒಣ ಬೋರ್ಷ್ ಕಟ್ಟುವ ಕೆಲಸ. 2014ರಲ್ಲಿ ಪೂರ್ವದಲ್ಲಿ ಯುದ್ಧ ಶುರುವಾದಾಗಿನಿಂದಲೂ ದೇಶದ ಊರೂರಲ್ಲಿ ಹೆಂಗಸರು ಸೈನಿಕರಿಗೆ ಹೀಗೆ ಮಾಡಿ ಕಳಿಸುತ್ತಿದ್ದಾರೆ. ಬೀಟ್‌ರೂಟ್, ಗಜ್ಜರಿ, ಎಲೆಕೋಸು, ಉಳ್ಳಾಗಡ್ಡಿ, ಆಲೂಗಡ್ಡೆ ಎಲ್ಲವನ್ನೂ ಎಳೆಎಳೆಯಾಗಿ ಹೆಚ್ಚಿ ಒಣಗಿಸಿ, ಉಪ್ಪು ಮಸಾಲೆ ಸೇರಿಸಿ ಪೊಟ್ಟಣ. ಕುದಿಯುವ ನೀರಿಗೆ ಹಾಕಿದರೆ ಆಯಿತು. ಡಬ್ಬಿ ಮಾಂಸ ಇದ್ದರೆ ಅದೂ.

ಒಣಗಿದ ಬೀಟ್‌ರೂಟ್ ಕೈಯಲ್ಲಿ ಹಿಡಿದರೆ ಕಪ್ಪು ತೊಗಟೆಯ ಚೂರು. ಸುಕ್ಕು, ಹಗುರ. ನಾಲಿಗೆ ಮೇಲೆ ಇಟ್ಟುಕೊಂಡರೆ ಮೊದಲು ಮಣ್ಣು, ಆಮೇಲೆ ಸಿಹಿ. ಹುಳಿ ಇಲ್ಲ.

ಅತ್ತೆ ಒಂದು ಪೊಟ್ಟಣ ತೆರೆದು ಮೂಸಿ, ಮತ್ತೆ ಮುಚ್ಚಿದರು. ಏನೂ ಅನ್ನಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಸುಮ್ಮನಿದ್ದರು.

ಡಿಸೆಂಬರ್ 8

ಪ್ಲಸ್ ಇಲ್ಲ. ಮೊನ್ನೆಯಿಂದ.

ಮಧ್ಯಾಹ್ನ 2: ಅತ್ತೆ ಒಲೆ ಹಚ್ಚಿಲ್ಲ. ತಣ್ಣನೆ ಆಲೂಗಡ್ಡೆ ತಿಂದೆವು.

ಸಂಜೆ 6: ಅವರು ಜಾಡಿ ತೊಳೆಯುತ್ತಿದ್ದಾರೆ. ತೊಳೆದದ್ದನ್ನೇ.

ರಾತ್ರಿ 9: ಅವನ ಜೊತೆಯವನಿಗೆ ಫೋನ್ ಮಾಡೋಣ ಅಂದೆ. ಬೇಡ ಅಂದರು. ಜೋರಾಗಿ, ಗದರುವ ಹಾಗೆ. ನನಗೂ ಸಿಟ್ಟು ಬಂತು. ಬೇರೆ ಬೇರೆ ಕೋಣೆಯಲ್ಲಿ ಕೂತಿದ್ದೇವೆ.

ಡಿಸೆಂಬರ್ 9, ಬೆಳಿಗ್ಗೆ 5

ಪ್ಲಸ್.

ಅತ್ತೆಯ ಬಾಗಿಲು ತಟ್ಟಿದೆ. ಎಚ್ಚರವಾಗೇ ಇದ್ದರು. ಇಬ್ಬರೂ ಅಡುಗೆಮನೆಗೆ ಬಂದು ಕೂತು ಎಲೆಕೋಸು ಹೆಚ್ಚಿದೆವು. ನಾನು ಹೆಚ್ಚಿದ್ದು ದಪ್ಪ ಅಂತ ಬೈದರು. ಬೈಸಿಕೊಂಡು ಎಷ್ಟು ಹಿತವಾಯಿತು.

ಡಿಸೆಂಬರ್ 14, ಶನಿವಾರ

ನಿನ್ನೆಯ ದಾಳಿ ಟಿವಿಯಲ್ಲಿ ನೋಡಿದ್ದಾಳೆ ಅವ್ವ. "ಸಾಕವ್ವಾ, ಬಂದ್ಬಿಡು. ಅವನೂ ಬರೂತನಾ ಇಲ್ಲೇ ಇರು. ನಿಮ್ಮತ್ತೀನ್ನೂ ಕರಕೊಂಡ ಬಾ." ಅತ್ತೆಗೆ ಅನುವಾದಿಸಿದೆ, ಕೊನೆಯ ಮಾತನ್ನೂ. ನಕ್ಕು, ಅಲ್ಲಿ ಬೀಟ್‌ರೂಟ್ ಬೆಳೆಯುತ್ತಾ ಅಂತ ಕೇಳಿದರು. ಬೆಳೆಯುತ್ತೆ ಅಂದೆ. ಹಿಮ ಬೀಳುತ್ತಾ? ಇಲ್ಲ. ಹಾಗಾದರೆ ನೆಲಮಾಳಿಗೆ ಬೇಕಿಲ್ಲ ಅಂದರು. ಅಷ್ಟೇ ಮಾತು.

ಹೋಗಬೇಕು ಅನ್ನಿಸುತ್ತದೆ. ಅವ್ವನ ಮೊಣಕಾಲು ನೋವು ಜಾಸ್ತಿಯಾಗಿದೆ. ಇವರನ್ನು ಈ ದೊಡ್ಡ ಪಾತ್ರೆಯ ಜೊತೆ ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ ಅಂತಲೂ ಅನ್ನಿಸುತ್ತದೆ. ಎರಡೂ ನಿಜ. ಬರೆದರೂ ದಾರಿ ಕಾಣುತ್ತಿಲ್ಲ.

ಡಿಸೆಂಬರ್ 24, ಮಂಗಳವಾರ. ಪವಿತ್ರ ಸಂಜೆ

ಬೆಳಗಿನಿಂದ ಅಡುಗೆ. ಹನ್ನೆರಡು ಬಗೆ ಆಗಬೇಕು, ಎಲ್ಲವೂ ಉಪವಾಸದ್ದು. ಕುತ್ಯಾಕ್ಕೆ ಗೋಧಿ ಬೇಯಿಸಿ, ಗಸಗಸೆಯನ್ನು ಮಕೀತ್ರಾದಲ್ಲಿ ಹಾಲು ಬಿಡುವವರೆಗೆ ನಾನೇ ಅರೆದೆ. ಜೇನು, ಅಕ್ರೋಟು. ನಮ್ಮ ಕಡೆಯ ಗೋಧಿ ಹುಗ್ಗಿಯ ಅಕ್ಕನೋ ತಂಗಿಯೋ ಆಗಬೇಕು ಇದು. ಒಣಹಣ್ಣಿನ ಪಾನಕ ಉಜ್ವಾರ್, ಎಲೆಕೋಸಿನ ಸುರುಳಿ, ವರೇನಿಕಿ ಕಡುಬು, ಬಟಾಣಿ. ಅತ್ತೆಗೆ ಕರಿದ ಮೀನು.

ಬೋರ್ಷ್ ನಿನ್ನೆಯೇ ಮಾಡಿಟ್ಟದ್ದು. ಅಣಬೆ, ಬೀನ್ಸ್, ಹೊಗೆಯ ಪೇರ್. ಪಶ್ಚಿಮದ ಕಡೆ ಇದಕ್ಕೆ ಅಣಬೆ ತುಂಬಿದ ಪುಟ್ಟ ಕಿವಿಯಾಕಾರದ ಕಡುಬು ಹಾಕುತ್ತಾರೆ, ಇಲ್ಲಿ ಇಲ್ಲ. ಸೌಟು ಹಾಕಿ ರುಚಿ ನೋಡಿ ಅತ್ತೆ ನನ್ನ ಕಡೆ ಚಮಚ ಚಾಚಿದರು. "ಏನು ಬೇಕು?"

ಹಿಂದೆ ಯಾವತ್ತೂ ಹೀಗೆ ಕೇಳಿದವರಲ್ಲ. ಹುಳಿ ಇನ್ನೊಂದಿಷ್ಟು ಅಂದೆ. ಜಾಡಿ ಎತ್ತಿ ನನ್ನ ಕೈಗೆ ಕೊಟ್ಟರು.

ಮೊದಲ ನಕ್ಷತ್ರ ಮೋಡದಲ್ಲಿ ಕಾಣಲಿಲ್ಲ, ಗಡಿಯಾರ ನೋಡಿ ಕೂತೆವು. ಅವನ ಜಾಗದಲ್ಲಿ ತಟ್ಟೆ, ಚಮಚ. ತೀರಿಹೋದ ಹಿರಿಯರಿಗೂ ಒಂದು ತಟ್ಟೆ ಇಡುವ ಪದ್ಧತಿ ಇದೆ. ಅತ್ತೆ ಎರಡನ್ನೂ ಮೇಜಿನ ಎರಡು ತುದಿಗೆ ಇಟ್ಟರು. ಒಂದರ ಪಕ್ಕ ಒಂದು ಬರಬಾರದು ಅಂತ ಜಾಗ ಅಳೆದು ಇಟ್ಟರು.

ಡಿಸೆಂಬರ್ 25

ಹಬ್ಬದ ಬೆಳಿಗ್ಗೆಯೇ ಕ್ಷಿಪಣಿಗಳು. ಮತ್ತೆ ನೆಲಮಾಳಿಗೆ. ನಿನ್ನೆಯ ಕುತ್ಯಾ ತೆಗೆದುಕೊಂಡು ಇಳಿದೆವು.

ಮಧ್ಯಾಹ್ನ ಉಪವಾಸ ಬಿಟ್ಟರು. ಬಾತುಕೋಳಿ, ಹಿಟ್ಟಿನ ಹಲೂಷ್ಕಿ, ಮೇಲೆ ಹುಳಿಕೆನೆ. ಒಲೆ ಮೇಲೆ ಎರಡು ಪಾತ್ರೆ. ನನಗೆ ಸಂಕಟವಾಯಿತು. ಆಗಬಾರದು, ಅವರ ಹಬ್ಬ, ಅವರ ಊಟ. ಆದರೂ ಆಯಿತು.

ಸಂಜೆ ಅತ್ತೆ ನನ್ನ ಸಣ್ಣ ಪಾತ್ರೆಯಿಂದ ಒಂದು ಡಬ್ಬಿ ತುಂಬಿಕೊಂಡು ಪಕ್ಕದ ಮನೆಗೆ ಹೊರಟರು. ಅಜ್ಜಿಯದು ಹಳೆಯ ಲೆಕ್ಕ, ಜನವರಿ 6ರವರೆಗೆ ಉಪವಾಸ. ಕಿಟಕಿ ತೆರೆದಿತ್ತು, ಬೇಲಿಯ ಹತ್ತಿರ ಮಾತು ಕೇಳಿಸಿತು. "ಸೊಸೆ ಮಾಡಿದ್ದು. ಧೈರ್ಯವಾಗಿ ತಿನ್ನು."

ಡಿಸೆಂಬರ್ 27

ಅಜ್ಜಿ ಡಬ್ಬಿ ವಾಪಸ್ಸು ಕೊಟ್ಟರು, ಒಳಗೆ ಒಣ ಅಣಬೆ ತುಂಬಿ. ಖಾಲಿ ಡಬ್ಬಿ ಕೊಡುವುದಿಲ್ಲ. ಬೋರ್ಷ್ ಚೆನ್ನಾಗಿತ್ತು, ಎಲೆಕೋಸು ಹೆಚ್ಚು ಬೆಂದಿದೆ ಅಂದರು. ಹಾಗಾದರೆ ನಾಳೆಯೂ ತರುತ್ತೇನೆ ಅಂದೆ. ಸಣ್ಣ ಪಾತ್ರೆ ಸಾಲುವುದಿಲ್ಲ. ನಡುವಿನದನ್ನು ಅಟ್ಟದಿಂದ ಇಳಿಸಿದೆ.

ಡಿಸೆಂಬರ್ 29, ಭಾನುವಾರ

ಅವನ ಫೋನ್! ನಾಲ್ಕೈದು ನಿಮಿಷ. ದಣಿದ ದನಿ. ಎಲ್ಲಿದ್ದೀಯಾ ಅಂತ ಕೇಳುವ ಹಾಗಿಲ್ಲ, ಏನು ತಿಂದೆ ಅಂತ ಕೇಳಿದೆ. ಒಣ ಬೋರ್ಷ್ ಅಂದ. ಯಾವ ಊರಿನದ್ದೋ, ಗೊತ್ತಿಲ್ಲ. ಬಿಸಿ ಇತ್ತು, ಸಾಕು. "ಹುಳಿ ಇರಲಿಲ್ಲ" ಅಂದ.

ಅತ್ತೆ ಫೋನ್ ಕಸಿದುಕೊಂಡರು. "ನನಗೆ ಅವತ್ತೇ ಗೊತ್ತಾಗಿತ್ತು!"

ಲೈನ್ ಕಟ್ಟಾದ ಮೇಲೂ ಹುಳಿಯ ಬಗ್ಗೆಯೇ ಮಾತು. ಹುಳಿನೀರನ್ನು ಒಣಗಿಸುವುದು ಹೇಗೆ? ವಿನಿಗರ್ ಶೀಶೆ ಕಳಿಸಿದರೆ ಒಡೆಯುತ್ತದೆ. ನನಗೆ ಹುಣಸೆಹಣ್ಣು ನೆನಪಾಯಿತು, ಹೇಳಲಿಲ್ಲ. ಆ ಹುಳಿ ಅವನ ಬಾಯಿಗೆ ಗೊತ್ತು, ಇಷ್ಟವೂ. ಆದರೆ ಅವನು ಕೇಳಿದ್ದು ಆ ಹುಳಿಯನ್ನಲ್ಲ.

ಆಮೇಲೆ ಅತ್ತೆಯೇ ಜಾಡಿಯ ತಳದಿಂದ ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡರು. ನೀರು ಸೋಸಿದ ಮೇಲೆ ಈ ಹೋಳುಗಳನ್ನು ಸುಮ್ಮನೆ ಪಾತ್ರೆಗೆ ಹಾಕುತ್ತಿದ್ದೆವು. ಕಟುಮ್ ಅಂತ ಕಡಿದರು. ನನ್ನ ಬಾಯಿಗೂ ಒಂದು. ಹುಳಿ ಪೂರ್ತಿ ಅದರೊಳಗೇ ಇತ್ತು.

ಜನವರಿ 2, 2025

ಹುಳಿಗಟ್ಟಿದ ಹೋಳುಗಳನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ಗ್ಯಾಸ್ ಓವನ್‌ನಲ್ಲಿ ಇಟ್ಟಿದ್ದೇವೆ. ಅತಿ ಸಣ್ಣ ಉರಿ, ಬಾಗಿಲು ಒಂದಿಷ್ಟು ತೆರೆದು ನಡುವೆ ಮರದ ಚಮಚ ಸಿಕ್ಕಿಸಿ. ಉರಿ ಏರಿದರೆ ಬಣ್ಣವೂ ಹೋಗುತ್ತದೆ, ಸುಟ್ಟ ಕಹಿಯೂ ಬರುತ್ತದೆ. ಗಂಟೆಗೊಮ್ಮೆ ಮಗುಚಬೇಕು. ರಾತ್ರಿ ಪಾಳಿ ಹಂಚಿಕೊಂಡಿದ್ದೇವೆ. ಮನೆಯೆಲ್ಲ ಹುಳಿ ವಾಸನೆ, ಕೂದಲಿಗೂ ಹತ್ತಿದೆ.

ಜನವರಿ 4, ಶನಿವಾರ

ಒಣಗಿದವು. ಬಿಸಿನೀರಿನಲ್ಲಿ ನೆನೆಸಿ ಕುಡಿದು ನೋಡಿದೆವು. ಹುಳಿ ಇದೆ! ಜಾಡಿಯಲ್ಲಿ ಇದ್ದಷ್ಟಿಲ್ಲ, ಹಿಂದಿನಿಂದ ಬರುತ್ತದೆ, ಆದರೆ ಇದೆ. ಅತ್ತೆ ಕಣ್ಣುಮುಚ್ಚಿ ಇನ್ನೊಂದು ಗುಟುಕು ಕುಡಿದು, ಗಜ್ಜರಿ ಕಡಿಮೆ ಮಾಡಬೇಕು, ಸಿಹಿ ಅಡ್ಡ ಬರುತ್ತಿದೆ ಅಂದರು. ಶಾಲೆಯಲ್ಲಿ ಹೆಂಗಸರಿಗೆ ತೋರಿಸಬೇಕಂತೆ. ದೊಡ್ಡ ಪ್ರಮಾಣದಲ್ಲಿ ಮಾಡಲು ಎಷ್ಟು ಜಾಡಿ ಬೇಕಾದೀತು, ಯಾರ ಮನೆಯಲ್ಲಿ ಓವನ್ ಖಾಲಿ ಇದೆ, ಊಟದ ಹೊತ್ತಿನಲ್ಲೆಲ್ಲ ಇದೇ ಲೆಕ್ಕ. ಎಲ್ಲರೂ ಒಪ್ಪುತ್ತಾರೋ ಇಲ್ಲವೋ. ಹುದುಗಿದ್ದು ಪೊಟ್ಟಣದಲ್ಲಿ ಎಷ್ಟು ದಿನ ಕೆಡದೆ ಇರುತ್ತದೆ ಅನ್ನುವ ಅನುಮಾನ ನನಗೂ ಇದೆ. ಲ್ಯಾಬಿನಲ್ಲಿ ತೇವಾಂಶ ಅಳೆದು ನೋಡುವೆ ಅಂತ ಹೇಳಿದೆ. ಅವರಿಗೆ ಅದು ಹಿಡಿಸಿತು.

ಅವನಿಗೆ ಮತ್ತು ಅವನ ಜೊತೆಯವರಿಗೆ ಕಳಿಸಲು ಮೊದಲ ಪೊಟ್ಟಣಗಳು ಸಿದ್ಧ. ಮೇಲೆ ಚೀಟಿ ಅಂಟಿಸಬೇಕು, ಬರಿ ಅಂದರು. ಎಷ್ಟು ನೀರು ಅಂತ ಕೇಳಿದೆ. ಕೈ ತೋರಿಸುತ್ತಾರೆ ಅಂದುಕೊಂಡೆ. ಅಳತೆ ಲೋಟ ತರಿಸಿ, ಪಾತ್ರೆಗೆ ನೀರು ಹೊಯ್ದು, ಮತ್ತೆ ಲೋಟಕ್ಕೆ ಬಗ್ಗಿಸಿ ನೋಡಿ ಹೇಳಿದರು: ಒಂದೂವರೆ ಲೀಟರ್. ಕುದಿ ಬಂದ ಮೇಲೆ 25 ನಿಮಿಷ. ಬೆಳ್ಳುಳ್ಳಿ ಇದ್ದರೆ ಕೊನೆಗೆ. ಎಲ್ಲ ಬರೆದೆ.

"ಮುಚ್ಚಿಟ್ಟು ಮರುದಿನ ತಿನ್ನಿ ಅಂತಲೂ ಬರಿ."

ಕಂದಕದಲ್ಲಿ ಇರುವವರಿಗೆ ಮರುದಿನದವರೆಗೆ ಕಾಯಿರಿ ಅಂತ ಹೇಗೆ ಬರೆಯಲಿ ಅಂದೆ. ಯಾರಿಗಾದರೂ ಬಿಡುವು ಸಿಕ್ಕೀತು, ಬರಿ ಅಂದರು. ಬೇಡ ಅಂದೆ. ಬರಿ ಅಂದರು. ಒಂದು ಪೊಟ್ಟಣದ ಮೇಲೆ ಬರೆದೆ. ಉಳಿದವನ್ನೂ ಮುಂದಕ್ಕೆ ತಳ್ಳಿದರು.